ಬಾಡಿಗೆ ಮನೆಯ ಅಂಗಳಕ್ಕೆ ಹಸಿರು ಚಾಪೆ

ಬೆಂಗಳೂರಿನಲ್ಲಿ ನಾನು ಬಾಡಿಗೆಗಿರುವ ಅಪಾರ್ಟ್‌ಮೆಂಟಿನ ಹಿಂದೆ ಒಂದು ಟರ್ಫ್ ಕೋರ್ಟ್ ಇದೆ. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಬೆನ್ನು ಹಿಡಿದುಕೊಂಡಾಗ ಅಲ್ಲಿ ಅರ್ಧ ಗಂಟೆ ಶಟಲ್ ಆಡುತ್ತೇನೆ. ಅದನ್ನು ನೋಡಿಯೇ ನನಗೆ ಈ ಹುಚ್ಚು ಹತ್ತಿದ್ದು. ರಾಣೆಬೆನ್ನೂರಿನ ನಮ್ಮ ಮನೆಯ ಅಂಗಳಕ್ಕೂ ಒಂದು ಹಾಕಿಸಿದರೆ ಹೇಗೆ?

ನಮ್ಮದು ಅಪ್ಪ ಕಟ್ಟಿಸಿಹೋದ ಮೂರು ಬಾಡಿಗೆ ಮನೆ. ಅವುಗಳ ಮುಂದೆ 30ಕ್ಕೆ 50 ಅಡಿಯ ಮಣ್ಣಿನ ಅಂಗಳ, ತುದಿಗೆ ಅವ್ವ ಇರುವ ಮನೆ, ಒಂದು ಬೇವಿನ ಗಿಡ. ಬರುವ ಬಾಡಿಗೆಯೇ ಅವ್ವನ ಪೆನ್ಷನ್. ಟರ್ಫ್ ಹಾಕಿಸಿದರೆ ಮನೆಗೆ ತಿಂಗಳಿಗೆ ಸಾವಿರ ರೂಪಾಯಿ ಏರಿಸಬಹುದು ಅಂತ ನನ್ನ ಎಕ್ಸೆಲ್ ಹಾಳೆ ಹೇಳಿತು. ಮಾರ್ಚ್‌ನಲ್ಲಿ ಮೂರು ದಿನ ರಜೆ ಹಾಕಿ ರಾತ್ರಿ ರೈಲು ಹತ್ತಿದೆ. ರಾಣೆಬೆನ್ನೂರಿನಲ್ಲಿ ಇಳಿಯಲಿಲ್ಲ, ಬ್ಯಾಡಗಿ ದಾಟಿ ಸೀದಾ ಹಾವೇರಿಗೆ ಹೋದೆ. ಅಲ್ಲಿನ ಗುತ್ತಿಗೆದಾರರೊಬ್ಬರು ಫೋನಿನಲ್ಲಿ, “ಮೊದಲ ನಾವ್ ಮಾಡಿದ್ ಕೆಲಸ ನೋಡ್ರಿ, ಆಮ್ಯಾಲೆ ರೇಟಿನ ಮಾತು” ಅಂದಿದ್ದರು.

ಹಾವೇರಿ ಅಂದರೆ ಹೊರಗಿನವರಿಗೆ ಏಲಕ್ಕಿ ಹಾರ, ಚಾಲುಕ್ಯರ ಕಾಲದ ಸಿದ್ಧೇಶ್ವರ ಗುಡಿ. ನಮಗೆ ಮಾತ್ರ ಅದು ಕಚೇರಿಗಳ ಊರು. 1997ರಲ್ಲಿ ಧಾರವಾಡದಿಂದ ಬೇರೆಯಾಗಿ ಜಿಲ್ಲೆಯಾಯಿತು. ವರ್ಗವಾಗಿ ಬರುವ ನೌಕರರು ಹೆಚ್ಚಾದರು, ಅವರಿಗಾಗಿ ಬಾಡಿಗೆ ಮನೆಗಳೂ ಎದ್ದವು. ಅಂಥದೇ ಒಂದು ಎರಡಂತಸ್ತಿನ ಕಟ್ಟಡದ ಹಿಂದೆ ಕೋರ್ಟ್ ಇತ್ತು. ದೂರದಿಂದ ಕಣ್ಣಿಗೆ ತಂಪು. ಹತ್ತಿರ ಹೋದರೆ ನಡುವೆ ಹೆಬ್ಬಾವು ಮಲಗಿದಂತೆ ಒಂದು ಉಬ್ಬು, ಪಕ್ಕದಲ್ಲಿ ಅಂಟು ಬಿಟ್ಟ ಜೋಡಣೆ. ಹಾಕಿ ಎರಡೇ ವರ್ಷ ಆಗಿತ್ತಂತೆ.

ಕೆಳಗಿನ ಮನೆಯ ಹಿರಿಯರು ಹೊರಗೆ ಬಂದು ಕಾರಣ ಹೇಳಿದರು. “ಇದು ಎರಿ ಭೂಮಿ ಐತ್ರಿ. ಮಳಿಗಾಲದಾಗ ಉಬ್ಬತೈತಿ, ಬ್ಯಾಸಿಗ್ಯಾಗ ಬಿರಿತೈತಿ. ಮ್ಯಾಲಿನ ಚಾಪಿ ಏನ್ ಮಾಡ್ಬೇಕು?”

ಎಂಜಿನಿಯರ್ ಅಂತ ಹೆಸರಿಗೆ ನಾನೂ ಒಬ್ಬ, ಆದರೆ ಓದಿದ್ದು ಕಂಪ್ಯೂಟರ್ ಸೈನ್ಸ್. ಕಪ್ಪು ಮಣ್ಣು ನೀರು ಕುಡಿದು ಹಿಗ್ಗುತ್ತದೆ, ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹೊಲದಲ್ಲಿ ಓಡಾಡಿ ಬೆಳೆದವನಿಗೆ ಇದು ಗೊತ್ತಿರಬೇಕಿತ್ತು! ಟರ್ಫ್ ಕೆಲಸದಲ್ಲಿ ಹುಲ್ಲು ಕೊನೆಗೆ ಬರುವಂಥದ್ದು. ಮೊದಲು ಎರೆ ಮಣ್ಣು ತೆಗೆದು ಗರಸು ತುಂಬಿ ರೋಲರ್ ಹೊಡೆಸಬೇಕು. ಅದರ ಮೇಲೆ ಜಲ್ಲಿ, ಕಲ್ಲುಪುಡಿ, ನೀರು ಹರಿಯಲು ಒಂದಿಷ್ಟು ಇಳಿಜಾರು. ಆಮೇಲೆ ಪ್ಲಾಸ್ಟಿಕ್ ಎಳೆಗಳ ಚಾಪೆ ಹಾಸಿ, ಎಳೆ ನೆಟ್ಟಗೆ ನಿಲ್ಲಲೆಂದು ನಡುವೆ ಮರಳನ್ನೋ ರಬ್ಬರ್ ಹರಳನ್ನೋ ಸುರಿಯುತ್ತಾರೆ. ಆ ರಬ್ಬರ್ ಹರಳು ಮಳೆಗೆ ಕೊಚ್ಚಿಕೊಂಡು ಚರಂಡಿ ಸೇರುತ್ತದೆ ಅನ್ನುವ ಚಿಂತೆಯೂ ಇದೆ. ಯುರೋಪಿನ ಒಕ್ಕೂಟ 2023ರಲ್ಲಿ ಅದರ ಮಾರಾಟ ನಿಲ್ಲಿಸುವ ನಿಯಮ ತಂದು, ಎಂಟು ವರ್ಷ ಗಡುವು ಕೊಟ್ಟಿದೆ.

ಹನ್ನೊಂದೂವರೆ ಆಗಿತ್ತು. ಚಪ್ಪಲಿ ಬಿಟ್ಟು ಕಾಲಿಟ್ಟೆ, ತಕ್ಷಣ ಎತ್ತಿದೆ. ನಿಜವಾದ ಹುಲ್ಲು ತನ್ನ ನೀರನ್ನು ಆವಿ ಮಾಡಿ ತಣ್ಣಗಿರುತ್ತದೆ, ಪ್ಲಾಸ್ಟಿಕ್ಕಿಗೆ ಆ ದಾರಿಯಿಲ್ಲ. ಬಿಸಿಲಿಗೆ ಇದರ ಮೈ 60 ಡಿಗ್ರಿ ದಾಟಿದ್ದನ್ನು ಅಳೆದವರಿದ್ದಾರೆ. ಅಂದಹಾಗೆ ನಮ್ಮ ದೇಶಕ್ಕೂ ಈ ಹುಲ್ಲಿಗೂ ಮೊದಲಿಂದ ಅಷ್ಟಕ್ಕಷ್ಟೇ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಮೊದಲ ಸಲ ಕೃತಕ ಹಾಸಿನ ಮೇಲೆ ಹಾಕಿ ಆಡಿಸಿದಾಗ ನಾವು ಏಳನೇ ಸ್ಥಾನಕ್ಕಿಳಿದಿದ್ದೆವು.

ಗುತ್ತಿಗೆದಾರರು ಮುಚ್ಚುಮರೆ ಮಾಡಲಿಲ್ಲ. ಅಲ್ಲಿ ಮಾಲೀಕರು ಖರ್ಚು ಉಳಿಸಲು ಮಣ್ಣು ತೆಗೆಸಲೇ ಇಲ್ಲವಂತೆ. ನಮ್ಮ ಅಂಗಳಕ್ಕೆ ಬುಡದಿಂದ ಸರಿಯಾಗಿ ಮಾಡಿದರೆ 3 ಲಕ್ಷ 20 ಸಾವಿರ ಅಂದರು.

ಗೆಳೆಯನ ಬೈಕ್ ಇಸಿದುಕೊಂಡು ಹೆದ್ದಾರಿ ಹಿಡಿದು, ಮೋಟೆಬೆನ್ನೂರಿನಲ್ಲಿ ತಿರುಗಿ ಬ್ಯಾಡಗಿಗೆ ಹೋದೆ. ಅಲ್ಲಿ ನಮ್ಮ ಸೋದರಮಾವ ಇದ್ದಾರೆ. ಮಾರ್ಚ್‌ನಲ್ಲಿ ಬ್ಯಾಡಗಿಗೆ ಹೋದವರಿಗೆ ಬೋರ್ಡ್ ಓದುವ ಕೆಲಸವಿಲ್ಲ. ಸೀನು ಬಂದರೆ ಊರು ಬಂತು ಅಂತ ಅರ್ಥ. ಖಾಲಿ ಜಾಗ ಇದ್ದಲ್ಲೆಲ್ಲ ಕೆಂಪು ಹಾಸು. ಖಾರ ಕಡಿಮೆ, ಬಣ್ಣ ಜಾಸ್ತಿ ಇರುವ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಇದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತದೆ.

ಮಾವ ಕಾಯಿ ತಿರುವಿ ಹಾಕುತ್ತಿದ್ದರು. ಟರ್ಫ್ ವಿಷಯ ಕೇಳಿ ನಕ್ಕರು. “ನಿಮ್ಮವ್ವ ಕಾಯಿ ಎಲ್ಲಿ ಹಾಕ್ತಾಳ? ಆ ಬಾಡಿಗಿ ಮನಿ ಹೆಣ್ಮಕ್ಕಳು ಹಪ್ಪಳ, ಸಂಡಗಿ ಎಲ್ಲಿ ಹಾಕ್ತಾರ? ನೀ ಅಂಗಳಕ್ಕ ಚಾಪಿ ಹಾಸಿ ಬೆಂಗಳೂರಿಗಿ ಹೋಗ್ತಿ.”

ಎಕ್ಸೆಲ್ ಹಾಳೆಯಲ್ಲಿ ಸಂಡಿಗೆಗೆ ಒಂದು ಕಾಲಂ ಇರಲಿಲ್ಲ.

ಸಂಜೆ ರಾಣೆಬೆನ್ನೂರು ಸೇರಿದೆ. ಈ ಊರು ಅಂದರೆ ಆಫೀಸಿನ ಗೆಳೆಯರಿಗೆ ಕೃಷ್ಣಮೃಗ ಮಾತ್ರ ನೆನಪಾಗುತ್ತದೆ. 1974ರಲ್ಲಿ ಘೋಷಿಸಿದ ಆ ಅಭಯಾರಣ್ಯದಲ್ಲಿ ಎಷ್ಟೋ ಕಡೆ ನೀಲಗಿರಿ ನೆಟ್ಟಿದ್ದಾರೆ. ನೋಡೋಕೆ ಹಸಿರು, ಜಿಂಕೆ ಬಾಯಿ ಹಾಕುವ ಹಾಗಿಲ್ಲ.

ಮನೆಗೆ ಬಂದಾಗ ಅಂಗಳದಲ್ಲಿ ಎರಡನೇ ಮನೆಯವರ ಮಗಳು ಶಟಲ್ ಆಡುತ್ತಿದ್ದಳು. ಪಿಯುಸಿ ಹುಡುಗಿ. ನೆಟ್ ಅಂದರೆ ಬೇವಿನ ಗಿಡದಿಂದ ಕಿಟಕಿ ಸರಳಿಗೆ ಕಟ್ಟಿದ ಬಟ್ಟೆ ಒಣಹಾಕುವ ಹಗ್ಗ. ನಮ್ಮ ಕಡೆ ಊರುಗಳಲ್ಲೂ ಈಗ ಬಲೆ ಕಟ್ಟಿದ ಬಾಕ್ಸ್ ಕ್ರಿಕೆಟ್ ಟರ್ಫ್‌ಗಳು ಬಂದಿವೆ, ತಾಸಿನ ಲೆಕ್ಕದ ಬಾಡಿಗೆ. ಆದರೆ ಅಲ್ಲಿ ಹುಡುಗರದೇ ದರಬಾರು, ರಾತ್ರಿ ಹತ್ತಾದರೂ ಗದ್ದಲ. ಇವಳಿಗೆ ಈ ಅಂಗಳ ಒಂದೇ. ನಾನು ಹೇಳಿದ್ದು ಕೇಳಿ ಅವಳ ಮುಖ ಅರಳಿತು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿಯ ಮುಖ ಮಾತ್ರ ಸಣ್ಣದಾಯಿತು.

“ಬಾಡಿಗಿ ಎಷ್ಟ್ ಏರಿಸ್ತೀರಿ, ಅಣ್ಣಾರ?”

ನಾನು ಸಾವಿರ ಅಂದೆ. ಅವರು ಏನೂ ಹೇಳಲಿಲ್ಲ. ಅವರ ಯಜಮಾನರಿಗೆ ಬೀಜದ ಅಂಗಡಿಯಲ್ಲಿ ಸಂಬಳ. ರಾತ್ರಿ ಊಟಕ್ಕೆ ಕೂತಾಗ ಅವ್ವ ಹೇಳಿದಳು: “ಅವರು ಹೊಂಟ ಹೋಗ್ತಾರ. ಆ ಹುಡುಗಿ ಸಲುವಾಗಿ ಅಂತ ಹಾಕ್ತಿ, ಆಡಾಕ ಆ ಹುಡುಗೀನ ಇರಂಗಿಲ್ಲ.”

ಮತ್ತೆ ಲೆಕ್ಕ ಹಾಕಿದೆ. ಮೂರು ಮನೆಯಿಂದ ವರ್ಷಕ್ಕೆ 36 ಸಾವಿರ ಹೆಚ್ಚು ಬಂದರೂ ಅಸಲು ಹುಟ್ಟಲು ಸುಮಾರು ಒಂಬತ್ತು ವರ್ಷ ಬೇಕು. ಚೆನ್ನಾಗಿ ನೋಡಿಕೊಂಡರೂ ಚಾಪೆಯ ಆಯುಷ್ಯ ಎಂಟೋ ಹತ್ತೋ ವರ್ಷ. ದುಡ್ಡು ವಾಪಸ್ ಬರುವ ಹೊತ್ತಿಗೆ ಹೊಸ ಚಾಪೆ ಕೊಳ್ಳಬೇಕು!

ಮರುದಿನ ಗುತ್ತಿಗೆದಾರರಿಗೆ ಫೋನ್ ಮಾಡಿ ಬೇಡ ಅಂದೆ. ಅವರು ಬೇಜಾರು ಮಾಡಿಕೊಳ್ಳದೆ, ಗರಸು ಹೊಡೆಯುವ ಟ್ರ್ಯಾಕ್ಟರಿನವರ ನಂಬರ್ ಕೊಟ್ಟರು. ಮೇಲಿನ ಮಣ್ಣು ಒಂದಷ್ಟು ತೆಗೆಸಿ ಗರಸು ಹಾಕಿಸಿ ನೀರು ಹೊಡೆದು ರೋಲರ್ ಓಡಿಸಿದೆವು. ಎರಡು ಕಬ್ಬಿಣದ ಪೈಪ್ ನೆಟ್ಟೆವು, ಬೇಕೆಂದಾಗ ಕಿತ್ತಿಡುವ ಹಾಗೆ. ಬಾಡಿಗೆ ಅಷ್ಟೇ ಇದೆ. ಗರಸಿನ ಕೆಳಗೆ ಎರೆ ಇನ್ನೂ ಇದೆ, ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ರೋಲರ್ ಬೇಕಾಗುತ್ತದೆ.

ಬೆಂಗಳೂರಿಗೆ ಬಂದ ವಾರಕ್ಕೆ ಆ ಹುಡುಗಿಯಿಂದ ವಾಟ್ಸಾಪ್‌ನಲ್ಲಿ ಒಂದು ಫೋಟೊ ಬಂತು. ನೆಟ್‌ನ ಒಂದು ಬದಿ ಪೂರಾ ಅವ್ವನ ಮೆಣಸಿನಕಾಯಿ. ಕೆಳಗೆ, “ಅಣ್ಣಾ, ಸುಣ್ಣದ ಗೆರಿ ಎಷ್ಟ್ ಅಡಿಗೆ ಎಳೀಬೇಕು?” ಉದ್ದ 44, ಅಗಲ 20 ಅಂತ ಬರೆದು ಕಳಿಸಿದೆ. ಕಾಯಿ ತೆಗೆದ ಮೇಲೆ ಎಳೆಯುತ್ತಾಳಂತೆ.