ಕಥೆ ಕಳಿಸುವ ಮುಂಚೆ

ಹಗಲೆಲ್ಲ ಬರ, ಬೆಳೆಹಾನಿ ಅಂತ ವರದಿ ಕಳಿಸುವ ನಾವು ರಾತ್ರಿ ಬೇರೆಯದೇ ಬರೆಯುತ್ತೇವೆ. ಬತ್ತಿದ ಬೋರ್‌ವೆಲ್ ಒಳಗಿಂದ ಮುಂದಿನ ವರ್ಷದ ಮಾತು ಕೇಳಿಸುತ್ತದೆ ಅನ್ನೋ ಕಥೆ ಅದು. ಬರೆದದ್ದೇನೋ ಆಯ್ತು, ಕಳಿಸುವುದೆಲ್ಲಿಗೆ?

ಮೊದಲ ಸಲ ಎಡವಿದೆವು. ವಾಟ್ಸಾಪ್‌ಗೆ ಬಂದ 'ರಾಜ್ಯಮಟ್ಟದ ಕಥಾಸ್ಪರ್ಧೆ' ಪೋಸ್ಟರ್ ನಂಬಿ 300 ರೂಪಾಯಿ ಪ್ರವೇಶ ಶುಲ್ಕ ಕಟ್ಟಿದೆವು. ಕೈಗೆ ಬಂದದ್ದು ಒಂದು ಡಿಜಿಟಲ್ ಪ್ರಮಾಣಪತ್ರ. ತೀರ್ಪುಗಾರರು ಯಾರು, ಗೆದ್ದವರು ಯಾರು ಅಂತ ಹೇಳಲೇ ಇಲ್ಲ.

ಎರಡನೇ ತಪ್ಪು ನಮ್ಮದೇ. ಬೇಸರದಲ್ಲಿ ಆ ಕಥೆಯನ್ನು ಫೇಸ್‌ಬುಕ್‌ಗೆ ಹಾಕಿಬಿಟ್ಟೆವು. ಪತ್ರಿಕೆಗಳ ಸ್ಪರ್ಧೆಗೆ ಸಾಮಾನ್ಯವಾಗಿ ಎಲ್ಲೂ ಪ್ರಕಟವಾಗದ ಕಥೆಯೇ ಬೇಕು, ಜಾಲತಾಣವೂ ಲೆಕ್ಕಕ್ಕೆ ಬರುತ್ತದೆ. ಇದು ತಿಳಿದದ್ದು ಆಮೇಲೆ. ನಮ್ಮ ಒಳ್ಳೆಯ ಕಥೆ ಹಾಗೆ ಕೈತಪ್ಪಿತು.

ಈಗ ಪ್ರಜಾವಾಣಿ ದೀಪಾವಳಿ ಕಥಾಸ್ಪರ್ಧೆಯ ಪ್ರಕಟಣೆಗೆ ಹಬ್ಬಕ್ಕಿಂತ ಬಹಳ ಮುಂಚೆಯೇ ಕಣ್ಣಿಟ್ಟಿರುತ್ತೇವೆ. ಮಯೂರ, ತುಷಾರದಂಥ ಮಾಸಪತ್ರಿಕೆಗಳನ್ನು ನಾಲ್ಕಾರು ಸಂಚಿಕೆ ಓದಿ, ಆಮೇಲೆ ಕಳಿಸುತ್ತೇವೆ. ಇಂಥ ಕಥೆ ಕನ್ನಡಕ್ಕೆ ಹೊಸದಲ್ಲ, ರಾಜಶೇಖರ ಭೂಸನೂರಮಠರು ವಿಜ್ಞಾನ ಕಥೆ ಬರೆದೇ ಹೆಸರಾದವರು. ಇಂಗ್ಲಿಷ್‌ನಲ್ಲಿ ಬರೆಯಬಲ್ಲವರಿಗೆ ಅಮೆರಿಕದ ಕ್ಲಾರ್ಕ್ಸ್‌ವರ್ಲ್ಡ್ ಪತ್ರಿಕೆ ಇದೆ. ಶುಲ್ಕವಿಲ್ಲ, ಆಯ್ಕೆಯಾದರೆ ಪದಕ್ಕಿಷ್ಟು ಅಂತ ಅವರೇ ಕೊಡುತ್ತಾರೆ. ಎಐ ಬರೆದ ಕಥೆಗಳು ಬಂದು ಬಿದ್ದದ್ದಕ್ಕೆ 2023ರ ಫೆಬ್ರುವರಿಯಲ್ಲಿ ಕೆಲಕಾಲ ಕಥೆ ಪಡೆಯುವುದನ್ನೇ ನಿಲ್ಲಿಸಿದ್ದರು. ಸ್ವಂತದ್ದನ್ನೇ ಕಳಿಸಿ.

ಕಳಿಸುವ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ. ದುಡ್ಡು ಕೇಳುತ್ತಾರಾ? ಹೋದ ವರ್ಷ ಗೆದ್ದ ಕಥೆ ಓದಲು ಸಿಗುತ್ತದಾ? ಕಥೆಯ ಹಕ್ಕು ಯಾರದು?

ನಮ್ಮ ಹೊಸ ಕಥೆ ಮುಗಿದಿದೆ. ಈ ಸಲ ಸ್ಟೇಟಸ್‌ಗೂ ಹಾಕಿಲ್ಲ.