ಕೆಮ್ಮಣ್ಣಿನ ಪಟ್ಟಿ, ಸುಣ್ಣದ ಗೆರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದ ಮಿತ್ರರು ಕೇಳಿದರು. ಶಾಲೆಯ ಇತಿಹಾಸ, ಪರೀಕ್ಷಾ ಫಲಿತಾಂಶ, ದಾನಿಗಳ ಔದಾರ್ಯ ಇವುಗಳ ಬಗ್ಗೆ ಬರೆಯುವವರು ಅನೇಕರಿದ್ದಾರೆ, ನಾನು ಬೇರೇನಾದರೂ ಬರೆಯುತ್ತೇನೆ ಎಂದು ಒಪ್ಪಿಕೊಂಡೆ. ಆ 'ಬೇರೇನಾದರೂ' ಯಾವುದೆಂದು ಆಗ ನನಗೇ ಗೊತ್ತಿರಲಿಲ್ಲ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾನು ಕಟ್ಟಿಸುತ್ತಿದ್ದ ಮನೆಗೆ ಕರೆದೊಯ್ದು ಕೇಳಿದ ಒಂದು ಪ್ರಶ್ನೆ ಅದನ್ನು ಒದಗಿಸಿಕೊಟ್ಟಿತು.

ಮನೆಯನ್ನು ಅಂದಗೊಳಿಸುವ ವಿಷಯವಾಗಿ ಎಪ್ಪತ್ತು ದಾಟಿದ ನಿವೃತ್ತ ಮುಖ್ಯೋಪಾಧ್ಯಾಯನು ಹೇಳುವುದೇನಿದೆ ಎಂದು ಓದುಗರು ನಗಬಹುದು. ನನ್ನ ಮನೆಯನ್ನು ಕಂಡವರಂತೂ ಖಂಡಿತ ನಗುತ್ತಾರೆ. ಆದರೆ ಈ ವಿಷಯದಲ್ಲಿ ನಾನು ಮಾಡಿದ ತಪ್ಪೊಂದಿದೆ. ಅದು ನಮ್ಮ ಶಾಲೆಯ ಗೋಡೆಗೇ ಸಂಬಂಧಿಸಿದ್ದು. ಅದನ್ನು ಈ ಸಂಚಿಕೆಯಲ್ಲಲ್ಲದೆ ಬೇರೆಲ್ಲಿ ಹೇಳಲಿ?

ಆಕೆಯ ಮನೆ ಬಾಗಲೂರು ರಸ್ತೆಯ ಕಡೆ ಹೊಸದಾಗಿ ಎದ್ದ ಬಡಾವಣೆಯಲ್ಲಿದೆ. ನಾನು ಬಾಲಕನಾಗಿದ್ದಾಗ ಹೊಸೂರು ಸೇಲಂ ಜಿಲ್ಲೆಯ ಮೂಲೆಯಲ್ಲಿದ್ದ ಒಂದು ತಾಲ್ಲೂಕು ಕೇಂದ್ರ. 1965ರಲ್ಲಿ ಧರ್ಮಪುರಿ ಜಿಲ್ಲೆಗೆ ಸೇರಿತು, 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೆ ಬಂತು. ಎಪ್ಪತ್ತರ ದಶಕದಿಂದ ಸಿಪ್ಕಾಟ್ ಕೈಗಾರಿಕಾ ಪ್ರದೇಶ ಬೆಳೆದು, ಲಾರಿ, ಮೊಪೆಡ್, ಕೈಗಡಿಯಾರಗಳ ಕಾರ್ಖಾನೆಗಳು ಬಂದ ಮೇಲೆ ರಾಗಿ ಹೊಲಗಳು ನಿವೇಶನಗಳಾದವು. ಅಂಥದೇ ಒಂದು ನಿವೇಶನದಲ್ಲಿ ನನ್ನ ಶಿಷ್ಯೆಯ ಮನೆ. ಸಿಮೆಂಟಿನ ಕೆಲಸ ಮುಗಿದಿತ್ತು, ಬಣ್ಣ ಇನ್ನೂ ಬಳಿದಿರಲಿಲ್ಲ. ಒಳಾಂಗಣ ವಿನ್ಯಾಸಕಾರನೊಬ್ಬ ಕೊಟ್ಟುಹೋಗಿದ್ದ ಬಣ್ಣದ ಪುಸ್ತಕಗಳು ಇಟ್ಟಿಗೆಗಳ ಮೇಲೆ ಹರಡಿಕೊಂಡಿದ್ದವು. ಒಂದರಲ್ಲಿ ಇಟಲಿಯ ಅಮೃತಶಿಲೆ, ಇನ್ನೊಂದರಲ್ಲಿ ರಾಜಸ್ಥಾನದ ಹವೇಲಿ, ಮತ್ತೊಂದರಲ್ಲಿ ಚೆಟ್ಟಿನಾಡಿನ ಕಂಬಗಳು ಮತ್ತು ಆತ್ತಂಗುಡಿಯ ಹೂವಿನ ಹೆಂಚುಗಳು.

"ಸಾರ್, ನಾಲ್ಕು ತಿಂಗಳಿಂದ ಮೊಬೈಲಿನಲ್ಲಿ ಬರೀ ಮನೆಗಳನ್ನೇ ನೋಡ್ತಿದ್ದೀನಿ. ಎಲ್ಲಾ ಚೆನ್ನಾಗಿವೆ. ಆದ್ರೆ ಯಾವುದೂ ನಮ್ಮದು ಅನ್ನಿಸೋದಿಲ್ಲ" ಎಂದಳು. ಆಮೇಲೆ ಕೇಳಿದಳು: "ನಮ್ಮ ಸ್ಕೂಲಿನ ಜಗಲಿ ಗೋಡೆ ಮೇಲೆ ಆಯಮ್ಮ ಬರೀತಿದ್ರಲ್ಲ, ಕೆಳಗೆ ಕೆಮ್ಮಣ್ಣು, ಮೇಲೆ ಸುಣ್ಣದ ಗೆರೆ, ಅದು ಹೇಗಿತ್ತು ಹೇಳಿ ಸಾರ್. ಎಷ್ಟು ಗೆರೆ? ಮೂಲೆಯಲ್ಲಿ ಏನಿತ್ತು?"

ನನ್ನಿಂದ ಉತ್ತರ ಹೊರಡಲಿಲ್ಲ. ಆ ಗೋಡೆಯ ಮುಂದೆ ವರ್ಷಗಟ್ಟಲೆ ಕುರ್ಚಿ ಹಾಕಿಕೊಂಡು ಕುಳಿತವನು ನಾನು. ಅದರ ಮೇಲೆ ಏನಿತ್ತೆಂದು ನನಗೆ ತಿಳಿದಿರಲಿಲ್ಲ.

ಇಂದಿನ ಕಾಂಕ್ರೀಟು ಕಟ್ಟಡದಲ್ಲಿ ಓದಿದ ಮಕ್ಕಳಿಗಾಗಿ ಎರಡು ಮಾತು. ನಮ್ಮ ಶಾಲೆ ಆರಂಭವಾದದ್ದು ಊರಿನ ಹಿರಿಯರೊಬ್ಬರು ಬಿಟ್ಟುಕೊಟ್ಟ ಹಳೆಯ ತೊಟ್ಟಿಮನೆಯಲ್ಲಿ. ಮುಂದೆ ಜಗಲಿ, ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತಲೂ ಮರದ ಕಂಬಗಳ ಹಜಾರ, ಮೇಲೆ ನಾಡಹೆಂಚು. ಕಲ್ಲು ಮಣ್ಣಿನ ಗೋಡೆಗಳು ಒಂದೂವರೆ ಮೊಳ ದಪ್ಪ. ಬೇಸಿಗೆಯಲ್ಲಿಯೂ ಒಳಗೆ ತಂಪು. ದೇವರ ಮನೆಯಾಗಿದ್ದ ಕೋಣೆ ನಮ್ಮ ಕಚೇರಿ. ದೀಪದ ಗೂಡಿನಲ್ಲಿ ಸೀಮೆಸುಣ್ಣದ ಪೆಟ್ಟಿಗೆ, ಕಣಜವಿದ್ದ ಜಾಗದಲ್ಲಿ ಒಂದನೆಯ ತರಗತಿ.

ಆ ಮನೆಯನ್ನು ಒಪ್ಪವಾಗಿಟ್ಟಿದ್ದವರು ನಮ್ಮ ಆಯಮ್ಮ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ತಮಿಳು, ನಮ್ಮೊಡನೆ ಕನ್ನಡ ಆಡುತ್ತಿದ್ದ ಅಪ್ಪಟ ಹೊಸೂರು ಸೀಮೆಯ ಹೆಂಗಸು. ಅವರು ಬೆಳಗ್ಗೆ ಹೊಸ್ತಿಲ ಮುಂದೆ ಇಡುತ್ತಿದ್ದ ಚುಕ್ಕಿಗಳನ್ನು ನಾವು ರಂಗೋಲಿ ಎನ್ನುತ್ತಿದ್ದೆವು, ಎದುರು ಮನೆಯವರು ಮುಗ್ಗು ಎನ್ನುತ್ತಿದ್ದರು, ಪಕ್ಕದವರು ಕೋಲಂ ಎನ್ನುತ್ತಿದ್ದರು. ಸಂಬಳದ ಪುಸ್ತಕದಲ್ಲಿ ಅವರು ಒತ್ತುತ್ತಿದ್ದುದು ಹೆಬ್ಬೆಟ್ಟು.

ಪ್ರತಿವರ್ಷ ಸಂಕ್ರಾಂತಿಗೆ ಮುನ್ನ ಗೋಡೆಯ ಕೆಲಸ. ಸುಣ್ಣದ ಕಲ್ಲನ್ನು ಬಾನಿಯ ನೀರಿಗೆ ಹಾಕಿದೊಡನೆ ಅದು ಕೊತಕೊತ ಕುದಿಯುತ್ತಿತ್ತು. ಮಕ್ಕಳನ್ನು ದೂರ ನಿಲ್ಲಿಸಿ, ಒಲೆಯಿಲ್ಲದೆ ನೀರು ಕುದಿಯುವ ಈ ರಾಸಾಯನಿಕ ಕ್ರಿಯೆಯನ್ನು ನಾನು ಪಾಠವಾಗಿ ತೋರಿಸುತ್ತಿದ್ದೆ. ಆರಿದ ಸುಣ್ಣವನ್ನು ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗಂಜಿ ಬೆರೆಸಿ, ಕತ್ತಾಳೆ ನಾರಿನ ಕುಂಚದಿಂದ ಗೋಡೆಗೆ ಬಳಿಯುವುದು. ಗುಡ್ಡದ ಬದಿಯಿಂದ ತಂದ ಕೆಮ್ಮಣ್ಣನ್ನು ಕದಡಿ, ಬುಡದಿಂದ ಮೊಣಕಾಲೆತ್ತರಕ್ಕೆ ಪಟ್ಟಿ ಎಳೆಯುವುದು. ಅದು ಒಣಗಿದ ಮೇಲೆ ಜಜ್ಜಿದ ಈಚಲು ಕಡ್ಡಿಯನ್ನು ಸುಣ್ಣದಲ್ಲಿ ಅದ್ದಿ ಪಟ್ಟಿಯ ಮೇಲೆ ಗೆರೆಗಳು. ಇಬ್ಬರು ಮೂವರು ಹುಡುಗಿಯರು ಯಾವಾಗಲೂ ಆಯಮ್ಮನ ಜೊತೆ. ಪಾಠ ತಪ್ಪಿಸಿಕೊಳ್ಳಲು ಇದೊಂದು ನೆಪವೆಂದು ನಾನು ಗದರಿದ್ದೂ ಉಂಟು.

ಆ ಅಲಂಕಾರದಲ್ಲಿ ವ್ಯರ್ಥವಾದದ್ದು ಒಂದೂ ಇರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಮಳೆಯ ಹನಿ ನೆಲಕ್ಕೆ ಬಿದ್ದು ಕೆಸರು ಸಿಡಿಯುವುದು ಗೋಡೆಯ ಬುಡಕ್ಕೆ. ನೆಲ ಸಾರಿಸುವಾಗ ಸಗಣಿ ತಾಗುವುದೂ ಅಲ್ಲಿಗೇ. ಆದ್ದರಿಂದಲೇ ಅಲ್ಲಿ ಕೆಂಪು ಪಟ್ಟಿ. ಕಿಟಕಿ ಕಡಿಮೆಯಿದ್ದ ಮನೆಯಲ್ಲಿ ತೊಟ್ಟಿಯಿಂದ ಬಂದ ಬೆಳಕನ್ನು ಒಳಕೋಣೆಗೆ ದಾಟಿಸುವುದು ಬಿಳಿಯ ಗೋಡೆ. ಸುಣ್ಣದ ಕ್ಷಾರಗುಣ ಬೂಷ್ಟು ಹಿಡಿಯಗೊಡುವುದಿಲ್ಲ. ಬಳಿದ ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನ ಗುಣ ಪಡೆಯುತ್ತದೆ. ಆದರೂ ಗೋಡೆಯೊಳಗಿನ ತೇವ ಹೊರಹೋಗಲು ಅಡ್ಡಿ ಮಾಡುವುದಿಲ್ಲ. ಹಿಟ್ಟಿನ ರಂಗೋಲಿ ಇರುವೆಗೆ ಆಹಾರ. ಕಿತ್ತ ಮೇಲೂ ಬೇಗ ಬಾಡದ ಎಲೆಯೆಂದು ಮಾವಿನ ತೋರಣ. ಮಾವಿಗೇ ಹೆಸರಾದ ಕೃಷ್ಣಗಿರಿಯ ಕಡೆಯವರಿಗೆ ಅದಕ್ಕೇನು ಕೊರತೆ!

ಈಗ ನನ್ನ ತಪ್ಪಿಗೆ ಬರುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ, ನಾನು ಮುಖ್ಯೋಪಾಧ್ಯಾಯನಾದ ಹೊಸತರಲ್ಲಿ, ದಾನಿಗಳೊಬ್ಬರು ಶಾಲೆಗೆ ಬರುವವರಿದ್ದರು. ಕಟ್ಟಡ ನೋಡಿ ಏನಾದರೂ ನೆರವು ಕೊಟ್ಟಾರೆಂಬ ಆಸೆ. ಪೇಟೆಯ ಶಾಲೆಗಳ ಗೋಡೆಗಳು ತಿಳಿಹಸಿರು ಬಣ್ಣದಿಂದ ಹೊಳೆಯುತ್ತಿದ್ದುದನ್ನು ಕಂಡಿದ್ದೆ. ನಮ್ಮದು ಹಳ್ಳಿಯ ಮನೆಯಂತೆ ಕಾಣುವುದಲ್ಲಾ ಎಂಬ ನಾಚಿಕೆ. ಚಂದಾ ಎತ್ತಿ ಆಯಿಲ್ ಪೇಂಟ್ ತರಿಸಿ, ಜಗಲಿಯ ಗೋಡೆಗೆ ಎರಡು ಸಲ ಬಳಿಸಿದೆ. ಕೆಮ್ಮಣ್ಣಿನ ಪಟ್ಟಿ, ಸುಣ್ಣದ ಗೆರೆ ಎಲ್ಲವೂ ಒಂದೇ ದಿನದಲ್ಲಿ ಮುಚ್ಚಿಹೋದವು.

ಆಯಮ್ಮ ಕಂಬಕ್ಕೆ ಒರಗಿ ನೋಡುತ್ತಿದ್ದರು. "ಈ ಬಣ್ಣ ನಿಲ್ಲಲ್ಲ ಮೇಷ್ಟ್ರೇ, ಗೋಡೆ ಬೆವರುತ್ತೆ" ಎಂದರು. ನಾನು, "ಇನ್ನು ಮೇಲೆ ನಿಮಗೆ ವರ್ಷವರ್ಷ ಬರೆಯುವ ಕಷ್ಟ ಇಲ್ಲ, ಬಿಡಿ" ಎಂದೆ. ಉಪಕಾರ ಮಾಡಿದವನಂತೆಯೇ ಹೇಳಿದೆ. ಅವರು ಮತ್ತೆ ಮಾತನಾಡಲಿಲ್ಲ. ಮರುವರ್ಷ ಸಂಕ್ರಾಂತಿಗೆ ಅವರು ಬಾನಿಯನ್ನು ಹೊರತೆಗೆಯಲಿಲ್ಲ.

ಮೂರನೆಯ ಮಳೆಗಾಲಕ್ಕೆ ಬಣ್ಣ ಗುಳ್ಳೆಗುಳ್ಳೆಯಾಗಿ ಎದ್ದು ಹಪ್ಪಳದಂತೆ ಉದುರತೊಡಗಿತು. ಮಣ್ಣಿನ ಗೋಡೆಯ ತೇವಕ್ಕೆ ಹೊರಬರಲು ದಾರಿಯಿರಲಿಲ್ಲ. ಉದುರಿದ ಕಡೆಗಳಲ್ಲಿ ಅಲ್ಲಲ್ಲಿ ಕೆಂಪು ಬಣ್ಣ, ಅದರ ಮೇಲೆ ಬೆರಳಗಲದ ಒಂದು ಬಿಳಿಯ ಗೆರೆ ಇಣುಕುತ್ತಿತ್ತು. ಅದನ್ನು ತೋರಿಸಿ ತಪ್ಪೊಪ್ಪಿಕೊಳ್ಳೋಣವೆಂದರೆ ಆಯಮ್ಮ ಆ ವೇಳೆಗೆ ಮಗಳ ಊರಿಗೆ ಹೋಗಿದ್ದರು. ಮತ್ತೆ ನಾನು ಅವರನ್ನು ಕಾಣಲಿಲ್ಲ. ಕೆಲವು ವರ್ಷಗಳಲ್ಲಿ ಹಳೆಯ ಮನೆಯನ್ನು ಕೆಡವಿ ಹೊಸ ಕಟ್ಟಡ ಕಟ್ಟಿದೆವು.

ಇದಿಷ್ಟೂ ಆ ಹೊಸ ಮನೆಯ ಇಟ್ಟಿಗೆಯ ರಾಶಿಯ ಮೇಲೆ ಕುಳಿತಾಗ ಮನಸ್ಸಿನಲ್ಲಿ ಹಾದುಹೋಯಿತು. ಉತ್ತರ ಗೊತ್ತಿಲ್ಲದ ಮೇಷ್ಟರು ಮಾಡುವ ಕೆಲಸವನ್ನೇ ನಾನೂ ಮಾಡಿದೆ. ಗೊತ್ತಿರುವ ಬೇರೆ ವಿಷಯಗಳನ್ನು ಹೇಳತೊಡಗಿದೆ. ಸಾಗರದ ಕಡೆ ದೀವರ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ ಬಳಸಿ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುವುದನ್ನು ವಿವರಿಸಿದೆ. ಕರಾವಳಿಯ ದೇವಾಲಯಗಳಲ್ಲಿ ಕೆಂಪು ಬಣ್ಣದ ಗಾರೆಯನ್ನು ಕೆರೆದು ಕೆಳಗಿನ ಬಿಳುಪು ತೋರಿಸುವ ಕಾವಿ ಕಲೆಯನ್ನು ವರ್ಣಿಸಿದೆ. ನಮ್ಮದೇ ಜಿಲ್ಲೆಯ ಮಲ್ಲಚಂದ್ರಂನ ನೆನಪೂ ಬಂತು. ಶೂಳಗಿರಿಗೆ ಹತ್ತಿರದ ಆ ಗುಡ್ಡದ ಮೇಲೆ ಬೃಹತ್ ಶಿಲಾಯುಗದ ಕಲ್ಲುಮನೆಗಳಿವೆ. ಅವು ಬದುಕಿದ್ದವರ ವಾಸಕ್ಕಲ್ಲ, ಸತ್ತವರ ಸ್ಮಾರಕಕ್ಕಾಗಿ ಕಟ್ಟಿದವು. ಅಂಥವುಗಳ ಒಳಗಿನ ಚಪ್ಪಡಿಯ ಮೇಲೂ ಬಿಳಿಯ ಬಣ್ಣದ ಚಿತ್ರಗಳಿವೆ. ಗೋಡೆಯನ್ನು ಬರಿದಾಗಿ ಬಿಡಬಾರದೆಂಬ ಬುದ್ಧಿ ನಮ್ಮ ಸೀಮೆಗೆ ಹೊಸತಲ್ಲ ಎಂದೆ.

ಆಕೆ ವಿನಯದಿಂದ ಕೇಳಿಸಿಕೊಂಡಳು. ಆಮೇಲೆ, "ಅವೆಲ್ಲಾ ಸರಿ ಸಾರ್, ಆಯಮ್ಮನದು?" ಎಂದಳು.

ನಾನು ತಲೆಯಾಡಿಸಿದೆ. ಆಕೆ ಬಡಗಿಯ ಪೆಟ್ಟಿಗೆಯಿಂದ ಒಂದು ಸೀಮೆಸುಣ್ಣದ ತುಂಡು ತೆಗೆದುಕೊಂಡು ಬರಿಯ ಸಿಮೆಂಟು ಗೋಡೆಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಒಂದು ಗೆರೆ ಎಳೆದಳು. ಅದರ ಕೆಳಗೆ ಇನ್ನೊಂದು. ಎರಡರ ನಡುವೆ ಓರೆಯಾಗಿ ಸಣ್ಣ ಸಣ್ಣ ಗೆರೆಗಳು, ಪ್ರತಿ ಸಂದಿಗೆ ಒಂದು ಚುಕ್ಕಿ. "ಗೆರೆ ಎಳೆಯುವಾಗ ಉಸಿರು ಬಿಡಬೇಡ ಅಂತ ಹೇಳ್ತಿದ್ರು" ಎಂದು ನಕ್ಕಳು. ತಲೆಗೆ ಮರೆತದ್ದು ಕೈಗೆ ಮರೆತಿರಲಿಲ್ಲ. ನಾನು ಗದರಿಸಿ ತರಗತಿಗೆ ಕಳುಹಿಸುತ್ತಿದ್ದ ಹುಡುಗಿಯರಲ್ಲಿ ಅವಳೂ ಒಬ್ಬಳು! ಆದರೆ ಗೋಡೆಯ ಮೂಲೆಗೆ ಬಂದಾಗ ಕೈ ನಿಂತಿತು. ಆಯಮ್ಮ ಮೂಲೆಯನ್ನು ಮಾತ್ರ ಯಾರ ಕೈಗೂ ಕೊಡದೆ ತಾವೇ ಬರೆಯುತ್ತಿದ್ದರಂತೆ.

ಕನ್ನಡದಲ್ಲಿ ನಾವು ಅಕ್ಷರವನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಗಡಿಯ ಈಚೆ ಕನ್ನಡ ಮಾಧ್ಯಮದಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ನನಗೆ ಅಕ್ಷರದ ಹೆಮ್ಮೆ ಸ್ವಲ್ಪ ಹೆಚ್ಚೇ ಇತ್ತು. ಕಪ್ಪು ಹಲಗೆಯ ಮೇಲೆ ನಾನು ಬರೆದದ್ದು ಮಾತ್ರ ಬರವಣಿಗೆ ಎಂದುಕೊಂಡಿದ್ದೆ. ಹೆಬ್ಬೆಟ್ಟಿನವರೊಬ್ಬರು ಅದೇ ಶಾಲೆಯ ಗೋಡೆಯ ಮೇಲೆ ವರ್ಷವರ್ಷವೂ ಬರೆಯುತ್ತಿದ್ದರು, ಮಕ್ಕಳು ಅದನ್ನೂ ಕಲಿಯುತ್ತಿದ್ದರು. ಅದನ್ನು ಅಳಿಸಿದವನು ನಾನು.

ಮನೆ ಕಟ್ಟುವ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ನಾನು ಹೇಳಬಹುದಾದದ್ದು ಇಷ್ಟೇ. ಪುಸ್ತಕ, ಮೊಬೈಲುಗಳಲ್ಲಿ ನೋಡಬೇಡಿ ಎನ್ನುವುದಿಲ್ಲ, ಚೆಲುವು ಎಲ್ಲಿದ್ದರೂ ಚೆಲುವೇ. ಆದರೆ ಅದಕ್ಕೆ ಮೊದಲು ನಿಮ್ಮ ಅಜ್ಜಿಯ ಮನೆ ಉಳಿದಿದ್ದರೆ ಒಂದು ಮಧ್ಯಾಹ್ನ ಅಲ್ಲಿ ಕುಳಿತು ನೋಡಿ. ಬೆಳಕು ಎಲ್ಲಿಂದ ಬೀಳುತ್ತದೆ, ಕೆಂಪು ಗಾರೆಯ ನೆಲಕ್ಕೆ ಆ ಹೊಳಪು ಹೇಗೆ ಬಂತು, ಗೋಡೆಯಲ್ಲಿ ಗೂಡು ಯಾವ ಎತ್ತರದಲ್ಲಿದೆ, ದಸರೆಯ ಗೊಂಬೆಗಳ ಮೆಟ್ಟಿಲಿಗೆ ಯಾವ ಮೂಲೆಯನ್ನು ಬಿಟ್ಟಿದ್ದಾರೆ, ಇವನ್ನು ಗಮನಿಸಿ. ಅಜ್ಜಿ ಇದ್ದರೆ ಏಕೆ ಹೀಗೆ ಎಂದು ಕೇಳಿ. ಹಳೆಯ ಮಣ್ಣಿನ ಗೋಡೆ ಇದ್ದರೆ ಅದಕ್ಕೆ ಸುಣ್ಣವನ್ನೇ ಬಳಿಯಿರಿ. ನಮ್ಮ ಕೃಷ್ಣಗಿರಿ ಸೀಮೆಯ ಬಂಡೆಗಳು ಗ್ರಾನೈಟಾಗಿ ಹೊರದೇಶಗಳಿಗೆ ಹೋಗುತ್ತವೆ. ಅದೇ ಕಲ್ಲಿನ ಚಪ್ಪಡಿಯನ್ನು ನಮ್ಮ ಹಿರಿಯರು ಹೊಲದ ಬೇಲಿಗೂ ಮನೆಯ ಮಾಡಿಗೂ ಬಳಸಿದರು. ಅದನ್ನು ನುಣುಪು ಮಾಡದೆ ಒಂದು ಜಗಲಿಗೆ ಹಾಸಿ ನೋಡಿ.

ಇನ್ನು ಒಂದು ಬಿನ್ನಹವಿದೆ. ನನ್ನ ಬಳಿಯಿರುವ ತರಗತಿಯ ಹಳೆಯ ಭಾವಚಿತ್ರಗಳನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲವನ್ನೂ ಜಗಲಿಯ ಮುಂದೆಯೇ ತೆಗೆಸಿದ್ದು. ಮಕ್ಕಳ ಸಾಲುಗಳ ಹಿಂದೆ ಗೆರೆಗಳು ಮಸುಕಾಗಿ ಕಾಣುತ್ತವೆ. ಒಂದೇ ಒಂದು ಚಿತ್ರದಲ್ಲಿ ಗೋಡೆಯ ಮೂಲೆಯವರೆಗೂ ಬಂದಿದೆ. ಆದರೆ ಅಂದು ಕಿರಿಯ ಉಪಾಧ್ಯಾಯನಾಗಿದ್ದ ನಾನೇ ಆ ಮೂಲೆಗೆ ಸರಿಯಾಗಿ ಅಡ್ಡ ನಿಂತಿದ್ದೇನೆ!

ಆದುದರಿಂದ ಈ ಲೇಖನವನ್ನು ಓದಿದವರು ದಯವಿಟ್ಟು ತಮ್ಮ ಮನೆಯ ಹಳೆಯ ಭಾವಚಿತ್ರಗಳನ್ನು ಒಮ್ಮೆ ತೆಗೆದು ನೋಡಬೇಕು. ನಿಮ್ಮ ಮುಖವನ್ನಲ್ಲ, ನಿಮ್ಮ ಹಿಂದಿನ ಗೋಡೆಯನ್ನು. ಮೂಲೆ ಕಂಡರೆ ಶಾಲೆಗೆ ತಿಳಿಸಿ. ಹೊಸ ಕಟ್ಟಡದ ಮುಂಭಾಗದಲ್ಲಿ ಒಂದು ಗೋಡೆಗೆ ಬಣ್ಣ ಬಳಿಸದೆ ಬಿಡಬೇಕೆಂದು ಸಮಿತಿಯನ್ನು ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ಬರುವ ಸಂಕ್ರಾಂತಿಗೆ ನನ್ನ ಶಿಷ್ಯೆ ಅದರ ಮೇಲೆ ಗೆರೆ ಎಳೆಯುತ್ತಾಳೆ. ಈಗ ಕಲಿಯುತ್ತಿರುವ ಮಕ್ಕಳು ಜೊತೆಗಿರಲಿ, ಒಂದು ದಿನ ಪಾಠ ತಪ್ಪಿದರೂ ಚಿಂತೆಯಿಲ್ಲ. ಮೂಲೆ ಸಿಗದಿದ್ದರೆ ಅದನ್ನು ಹಾಗೆಯೇ ಖಾಲಿ ಬಿಡೋಣ. ಅದು ಆಯಮ್ಮನ ಜಾಗ.

ಶಾಲೆಗೂ ಅದರ ಮಕ್ಕಳ ಮನೆಗಳಿಗೂ ಶುಭವಾಗಲಿ.