ಅಮ್ಮನ ಅಡುಗೆಮನೆಗೆ ಟೈಲ್ಸ್ ಹಾಕಿಸಿದ್ದು

ಕಳೆದ ವರ್ಷ ಜುಲೈಯಲ್ಲಿ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ಫೋನ್ ಬಂತು. ಜೆಪ್ಪುವಿನಲ್ಲಿ ಅಮ್ಮನ ಪಕ್ಕದ ಮನೆಯ ಬಾಯಿ ಮಾಡಿದ್ದು. "ಗಾಬರಿ ಮಾಡ್ಬೇಡ, ಅಮ್ಮನ ಕೈಗೆ ಸ್ವಲ್ಪ ಗಂಜಿ ನೀರು ಬಿದ್ದಿದೆ. ಬರ್ಲಿಕ್ಕೆ ಆದ್ರೆ ಬಾ" ಅಂದರು. ಅಷ್ಟು ಬೆಳಿಗ್ಗೆ ಯಾರಾದರೂ ಗಾಬರಿ ಮಾಡಬೇಡ ಅಂದರೆ ಎಷ್ಟು ಗಾಬರಿ ಆಗುತ್ತದೆ ಎಂದು ನಿಮಗೂ ಗೊತ್ತಿರಬಹುದು. ದೇರೆಬೈಲಿನ ಫ್ಲ್ಯಾಟಿನಿಂದ ಸ್ಕೂಟರಿನಲ್ಲಿ ಮಳೆಗೆ ನೆನೆದುಕೊಂಡೇ ಹೋದೆ.

ಅಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದರು. ಎಡಗೈ ಮಣಿಗಂಟಿನಿಂದ ಮೊಣಕೈವರೆಗೆ ಕೆಂಪು ಕೆಂಪು. ಬಾಯಿ ತಣ್ಣೀರು ಹೊಯ್ಯುತ್ತಾ ಇದ್ದರು. ಒಲೆಯ ಹಿಂದಿನ ಗೋಡೆಯಿಂದ ಎರಡು ಟೈಲ್ಸ್ ಒಟ್ಟಿಗೆ ಕಳಚಿ, ಕುದಿಯುವ ಗಂಜಿ ಪಾತ್ರೆಯ ಮೇಲೆ ಬಿದ್ದಿದ್ದವು. ನಾನೇ ಅಂಗಡಿಯಲ್ಲಿ ಒಂದು ಗಂಟೆ ನಿಂತು ಆಯ್ದ ಟೈಲ್ಸ್. ತಿಳಿ ಹಸಿರು, ನಡುವೆ ಸಣ್ಣ ಎಲೆಯ ಚಿತ್ರ. ಹಾಕಿಸಿ ಎಂಟು ತಿಂಗಳೂ ಆಗಿರಲಿಲ್ಲ.

ಡಾಕ್ಟರ ಹತ್ತಿರ ಹೋಗಿ ಬಂದು, ಡ್ರೆಸ್ಸಿಂಗ್ ಆಗಿ, ಮಧ್ಯಾಹ್ನದ ಹೊತ್ತಿಗೆ ಅಮ್ಮ ಮೆಲ್ಲ ಬಾಯಿಬಿಟ್ಟರು. "ಅದು ಮೇ ತಿಂಗಳಿಂದಲೇ ಟೊಳ್ಳು ಶಬ್ದ ಮಾಡ್ತಿತ್ತು. ಮಳೆ ಶುರುವಾದ ಮೇಲೆ ಸ್ವಲ್ಪ ಹೊರಗೆ ಬಂದ ಹಾಗೆ ಕಾಣ್ತಿತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?"

"ನೀನು ಅಷ್ಟು ಆಸೆಯಲ್ಲಿ ಹಾಕಿಸಿದ್ದು. ಹೇಗೆ ಹೇಳುದು ಮಾರಾಯ್ತಿ?"

ನಮ್ಮದು ಹಳೆಯ ಹಂಚಿನ ಮನೆ. ಕೆಂಪುಕಲ್ಲಿನ ಗೋಡೆ, ಕಾವಿ ನೆಲ. ಬಾಸೆಲ್ ಮಿಷನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ನೇತ್ರಾವತಿಯ ದಡದಲ್ಲಿ, ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಜಾಗದಲ್ಲಿ. ಆಮೇಲೆ ಈ ಊರಿನ ಸುತ್ತ ಎಷ್ಟೋ ಕಾರ್ಖಾನೆಗಳು ಬಂದವು, ಎಷ್ಟೋ ಮುಚ್ಚಿದವು. ಅಂಥ ಒಂದರಲ್ಲಿ ಅಪ್ಪ ಲೆಕ್ಕ ಬರೆಯುತ್ತಿದ್ದರು. ಮಂಗಳೂರು ಹಂಚು ಊರೂರಿಗೆ, ಹಡಗಿನಲ್ಲಿ ಪರದೇಶಕ್ಕೂ ಹೋಗಿದೆ. ಆ ಊರಿನವಳಾದ ನಾನು ಅಡುಗೆಮನೆ ಗೋಡೆಗೆ ತಂದದ್ದು ಗುಜರಾತಿನ ಮೋರ್ಬಿಯ ಟೈಲ್ಸ್. ಅಪ್ಪ ಇದ್ದಿದ್ದರೆ ಪೆಟ್ಟಿಗೆ ತಿರುಗಿಸಿ ಹೆಸರು ಓದಿ ನಗುತ್ತಿದ್ದರು.

ಅಮ್ಮನೇನೂ ಟೈಲ್ಸ್ ಕೇಳಿರಲಿಲ್ಲ. ಗೋಡೆ ಹೊಗೆ, ಎಣ್ಣೆ ಹಿಡಿದು ಕಪ್ಪಾಗಿತ್ತು. ಅದರ ಮೇಲೆ ಅಪ್ಪನ ಕಾಲದಲ್ಲಿ ಹೊಡೆಸಿದ ಆಯಿಲ್ ಪೇಂಟ್. ದುಬೈಯಿಂದ ಅಣ್ಣ ಅತ್ತಿಗೆ ಡಿಸೆಂಬರಿಗೆ ಬರುವವರಿದ್ದರು. ಅಷ್ಟರೊಳಗೆ ಚಂದ ಮಾಡಬೇಕು ಅಂತ ನನ್ನ ಹಟ. ರಾತ್ರಿಯೆಲ್ಲ ಇನ್‌ಸ್ಟಾಗ್ರಾಮಿನಲ್ಲಿ 'ಬ್ಯಾಕ್‌ಸ್ಪ್ಲ್ಯಾಶ್' ನೋಡಿದ್ದೇ ನೋಡಿದ್ದು. ಅಂಗಡಿಗೆ ಹೋಗಿ ಅದೇ ಶಬ್ದ ಹೇಳಿದರೆ ಹುಡುಗ ಕಣ್ಣು ಪಿಳಿಪಿಳಿ ಬಿಟ್ಟ. ಕಟ್ಟೆಯ ಮೇಲಿನ ಗೋಡೆ ತೋರಿಸಿದ ಮೇಲೆ "ಓ, ಡಾಡೋ ಟೈಲ್ಸಾ?" ಅಂದ. ಇಲ್ಲಿ ಕಂಟ್ರಾಕ್ಟರು, ಮೇಸ್ತ್ರಿ, ಅಂಗಡಿಯವರು ಎಲ್ಲರಿಗೂ ಅದು ಡಾಡೋ.

ಆಮೇಲೆ ಜನ ಹುಡುಕುವ ಕಷ್ಟ. ಫ್ಲ್ಯಾಟುಗಳ ನಡುವೆ ಓಡಾಡುವ ಕಂಟ್ರಾಕ್ಟರುಗಳಿಗೆ ಎಪ್ಪತ್ತು ಚದರ ಅಡಿಯ ಕೆಲಸ ಕೆಲಸವೇ ಅಲ್ಲ. ಒಬ್ಬರು "ಬಾತ್‌ರೂಮ್ ಸಹ ಮಾಡಿಸುದಾದ್ರೆ ಬರ್ತೇನೆ" ಅಂದರು. ಇನ್ನೊಬ್ಬರು ಕಾವಿ ನೆಲ ಒಡೆದು ಅದಕ್ಕೂ ಟೈಲ್ಸ್ ಹಾಕುವ ಅಂದರು, ಅಮ್ಮ ಅವರಿಗೆ ಚಹಾ ಕೂಡ ಕೊಡಲಿಲ್ಲ. ಮೂರನೆಯವನು ಸಿಕ್ಕ. ಚದರ ಅಡಿಗೆ 45 ರೂಪಾಯಿ ಅಂದ, ಎರಡೇ ದಿನ ಅಂದ. ನಾನು ಕೇಳಿದ್ದೂ ಅಷ್ಟೇ: ಎಷ್ಟು, ಯಾವಾಗ.

ಎಂಟು ಪೆಟ್ಟಿಗೆ ಟೈಲ್ಸ್ ಸರಿಯಾಗಿ ಸಾಕಾಯಿತು, ಒಂದೂ ಉಳಿಯಲಿಲ್ಲ. ಅದನ್ನೂ ಉಳಿತಾಯ ಅಂದುಕೊಂಡೆ. ಅಣ್ಣ ಬಂದು "ಭಾರೀ ಚಂದ ಆಗಿದೆ" ಅಂದ. ಫೋಟೋ ಸ್ಟೇಟಸ್ಸಿಗೆ ಹಾಕಿದೆ.

ಟೈಲ್ಸ್ ಬಿದ್ದ ದಿನ ಆ ಮನುಷ್ಯನಿಗೆ ಹನ್ನೊಂದು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಸಂಜೆ ಜಗಳಕ್ಕೆ ಸಾಕ್ಷಿ ಬೇಕು ಅಂತ ವಾಟ್ಸಾಪ್ ತೆರೆದು ಹಿಂದಕ್ಕೆ ಹೋದೆ. ಬಿಲ್ ಇಲ್ಲ, ಚೀಟಿ ಇಲ್ಲ, ಇದ್ದದ್ದು ಆ ಚಾಟ್ ಮಾತ್ರ. ಅದರಲ್ಲಿ ಅವನ ಮೆಸೇಜ್: "ಗೋಡೆಗೆ ಆಯಿಲ್ ಪೇಂಟ್ ಉಂಟು ಮೇಡಂ. ಕೊತ್ತಿ ಹಾಕಿದ್ರೆ ಒಳ್ಳೇದು. ಎರಡು ಮೂರು ದಿನ ಜಾಸ್ತಿ ಆಗ್ತದೆ." ಅದರ ಕೆಳಗೆ ನನ್ನದು: "ಕೊತ್ತುದೆಲ್ಲ ಬೇಡ, ಮನೆಯೆಲ್ಲ ಧೂಳಾಗ್ತದೆ. ಆದಿತ್ಯವಾರದ ಮೊದಲು ಮುಗಿಸಿ." ಕೊನೆಗೆ ಎರಡು ಕೈ ಮುಗಿದ ಎಮೋಜಿ.

ಫೋನ್ ಬದಿಗಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತೆ. ಆ ಚಾಟನ್ನು ಅಮ್ಮನಿಗೂ ತೋರಿಸಲಿಲ್ಲ, ಗಂಡನಿಗೂ ತೋರಿಸಲಿಲ್ಲ. ಮನೆಯವರೆಲ್ಲ ಕಂಟ್ರಾಕ್ಟರನಿಗೆ ಬೈಯುವಾಗ ನಾನೂ ಜೊತೆಗೆ ಬೈದೆ, ಅದೂ ಸ್ವಲ್ಪ ಜೋರಾಗಿಯೇ.

ಹೊಸ ಮೇಸ್ತ್ರಿಯನ್ನು ಹುಡುಕಿಕೊಟ್ಟದ್ದು ಬಾಯಿ. ಅವರ ಮನೆಯ ಬಚ್ಚಲು ಮಾಡಿದವರಂತೆ. ಅರುವತ್ತರ ಹತ್ತಿರದ ವಯಸ್ಸು, ಮಾತು ಕಡಿಮೆ. ಬಂದವರು ಮೊದಲು ಕಿಸೆಯಿಂದ ಒಂದು ರೂಪಾಯಿ ನಾಣ್ಯ ತೆಗೆದು ಗೋಡೆಯ ಒಂದೊಂದು ಟೈಲ್ಸಿಗೂ ಬಡಿದರು. ಟಕ್ ಅಂದದ್ದು ನಾಲ್ಕೋ ಐದೋ. ಉಳಿದದ್ದೆಲ್ಲ ಖಾಲಿ ಡಬ್ಬಿಯ ಹಾಗೆ ಡಬ್ ಡಬ್. ಆಮೇಲೆ ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿ ತುಳುವಿನಲ್ಲಿ ಕೇಳಿದರು, ಒಗ್ಗರಣೆ ಹಾಕುವುದು ಎಲ್ಲಿ ನಿಂತು, ಮಿಕ್ಸಿ ಎಲ್ಲಿಡುವುದು, ಪಾತ್ರೆ ತೊಳೆದ ನೀರು ಯಾವ ಗೋಡೆಗೆ ಹಾರುವುದು. ಅಮ್ಮ ಎದ್ದು ನಿಂತು ಕಟ್ಟುಪಟ್ಟಿಯ ಕೈಯಲ್ಲೇ ಒಂದೊಂದಾಗಿ ತೋರಿಸಿದರು. ಟೈಲ್ಸ್ ನಡುವಿನ ಗೆರೆಗೆ ಬಿಳಿ ಬೇಡವೇ ಬೇಡ, ಅರಶಿನ ಹಿಡಿದು ತಿಕ್ಕಿ ತಿಕ್ಕಿ ಸಾಕಾಗಿದೆ ಅಂದರು. ಎಂಟು ತಿಂಗಳು ಮನಸ್ಸಿನಲ್ಲಿ ಇಟ್ಟುಕೊಂಡದ್ದು! ನಾನು ಒಂದು ದಿನವೂ ಕೇಳಿರಲಿಲ್ಲ.

ಟೈಲ್ಸ್ ತೆಗೆಯುವಾಗ ಕರಣೆಯ ತುದಿ ಸಿಕ್ಕಿಸಿದರೆ ಸಾಕು, ಇಡೀ ಟೈಲ್ಸ್ ಕೈಗೆ ಬರುತ್ತಿತ್ತು. ಹಿಂಭಾಗ ಹೊಸ ಪೆಟ್ಟಿಗೆಯಿಂದ ತೆಗೆದಷ್ಟು ಸ್ವಚ್ಛ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು, ಉಂಡೆ ಉಂಡೆ ಸಿಮೆಂಟ್ ಇಟ್ಟು ಒತ್ತಿದ್ದರು. ಗೋಡೆಗೆ ಹಾಕುವ ಈ ಸೆರಾಮಿಕ್ ಟೈಲ್ಸಿಗೆ ನೀರು ಕುಡಿಯುವ ಗುಣ ಇದೆಯಂತೆ. ಸಿಮೆಂಟಿನಲ್ಲಿ ಕೂರಿಸುವುದಾದರೆ ಮೊದಲು ನೀರಲ್ಲಿ ಮುಳುಗಿಸಿಡಬೇಕು. ಇಲ್ಲದಿದ್ದರೆ ಸಿಮೆಂಟಿನ ನೀರನ್ನು ಅದೇ ಎಳೆದುಕೊಳ್ಳುತ್ತದೆ, ಸಿಮೆಂಟ್ ಗಟ್ಟಿಯಾಗುವ ಮೊದಲೇ ಒಣಗಿ ಪುಡಿಯಾಗುತ್ತದೆ. ವಿಟ್ರಿಫೈಡ್ ಟೈಲ್ಸಿನ ಕಥೆ ಉಲ್ಟಾ. ಅದು ನೀರು ಕುಡಿಯುವುದೇ ಇಲ್ಲ ಅನ್ನಬಹುದು, ಹಾಗಾಗಿ ಬರೀ ಸಿಮೆಂಟ್ ಅದನ್ನು ಹಿಡಿಯುವುದಿಲ್ಲ, ಚೀಲದಲ್ಲಿ ಬರುವ ಟೈಲ್ಸ್ ಅಂಟೇ ಬೇಕು. ನಮ್ಮ ಗೋಡೆಗೆ ಎರಡೂ ತಪ್ಪಿತ್ತು: ಹಿಂದೆ ಎಣ್ಣೆ ಹಿಡಿದ ಪೇಂಟು, ಮುಂದೆ ನೆನೆಸದ ಟೈಲ್ಸ್, ನಡುವೆ ಐದು ಉಂಡೆ.

"ಪೇಂಟಿನ ಮೇಲೆ ಹಾಕಿದ್ದು ಯಾರು?" ಅಂತ ಮೇಸ್ತ್ರಿ ಕೇಳಿದರು. "ಕೊತ್ತಬೇಡಿ ಅಂತ ನಾನೇ ಹೇಳಿದ್ದು" ಅಂದೆ. ಯಾಕೆ ಅವರ ಹತ್ತಿರ ಹೇಳಿದೆನೋ ಗೊತ್ತಿಲ್ಲ. ಅಮ್ಮ ಬಾಗಿಲಲ್ಲೇ ಇದ್ದರು, ಕೇಳಿಸಿಕೊಂಡರು. ಮೇಸ್ತ್ರಿ ಮಾತ್ರ, "ನೀವು ಹೇಳ್ತೀರಿ ಮೇಡಂ, ನಿಮಗೆ ಗೊತ್ತಿಲ್ಲ. ಗೊತ್ತಿದ್ದವ ಕೇಳ್ಲಿಕ್ಕಿಲ್ಲ" ಅಂದು ಕೆಲಸಕ್ಕೆ ತಿರುಗಿದರು. ಅದು ನನ್ನನ್ನು ಬಿಟ್ಟುಬಿಟ್ಟ ಮಾತೋ, ಅಲ್ಲವೋ, ಇನ್ನೂ ಗೊತ್ತಾಗಿಲ್ಲ.

ಮತ್ತೊಂದು ವಿಷಯ ಗೋಡೆಯ ಮೇಲುಗಡೆ ಇತ್ತು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬರುವ ಊರು ನಮ್ಮದು. ಮಾಡಿನ ಅಂಚಿನಲ್ಲಿ ಮೂರು ಹಂಚು ಒಡೆದು, ನೀರು ಸೀದಾ ಒಲೆಯ ಹಿಂದಿನ ಗೋಡೆಗೇ ಇಳಿಯುತ್ತಿತ್ತು. ಕೆಂಪುಕಲ್ಲು ನೀರು ಹೀರಿಕೊಂಡು ಕೂರುವ ಕಲ್ಲು. ಹೊರಗಿನಿಂದ ಮಳೆ, ಒಳಗಿನಿಂದ ಒಲೆಯ ಬಿಸಿ. "ಮೊದಲು ಮಾಡು ಸರಿಯಾಗ್ಲಿ, ಮತ್ತೆ ಟೈಲ್ಸ್" ಅಂದರು ಮೇಸ್ತ್ರಿ. ಸಿಕ್ಕಿದ ಹಂಚು ಇಟ್ಟರೆ ಆಗುವುದಿಲ್ಲ, ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿನ ಕಚ್ಚಿಗೆ ಸರಿಯಾಗಿ ಕೂರುವುದಿಲ್ಲ. ಅದೇ ಮುದ್ರೆಯ ಹಂಚು ಹುಡುಕಿಕೊಂಡು ಅವರು ಹಳೆಯ ಮನೆ ಒಡೆದು ಮಾರುವವರ ಹತ್ತಿರ ಹೋದರು, ತಂದರು.

ಲೆಕ್ಕ ಈ ಸಲ ಬೇರೆಯೇ ಇತ್ತು. ಕೊತ್ತಿ, ತೊಳೆದು, ಹೊಸ ಸಾರಣೆ ಮಾಡುವುದಕ್ಕೆ 9,500. ಟೈಲ್ಸ್ ಕೂರಿಸುವುದಕ್ಕೆ ಚದರ ಅಡಿಗೆ 60. ಅಂಟು 20 ಕೆಜಿಯ ಎರಡು ಚೀಲ, ಗೆರೆಗೆ ಬೂದು ಬಣ್ಣದ ಎಪಾಕ್ಸಿ, ಇದೆಲ್ಲ ನಾನೇ ತಂದುಕೊಡುವುದು. ಒಂದು ನೋಟ್ ಪುಸ್ತಕದ ಹಾಳೆಯಲ್ಲಿ ಬರೆದೆವು. ಗೋಡೆ ಕೊತ್ತಿದ ಮೇಲೆ ಒಂದು ಪಾಲು, ಟೈಲ್ಸ್ ಕೂತ ಮೇಲೆ ಒಂದು ಪಾಲು, 2,000 ರೂಪಾಯಿ ಒಂದು ತಿಂಗಳು ಬಿಟ್ಟು. ಆ ಕೊನೆಯದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ, ಅವರೇ ಬರೆಯಿರಿ ಅಂದರು. "ಗೆರೆ ಕಟ್ಟುವ ಮೊದಲು ಬಂದು ನೀವೇ ಬಡಿದು ನೋಡಿ" ಅಂತಲೂ ಹೇಳಿದರು. ಗೆರೆ ತುಂಬಿಸಿದ ಮೇಲೆ ಒಂದು ಟೈಲ್ಸ್ ತೆಗೆಯುವುದು ಹಲ್ಲು ಕೀಳುವ ಕೆಲಸವಂತೆ.

ಎರಡು ದಿನದ ಕೆಲಸಕ್ಕೆ ಇಪ್ಪತ್ತು ದಿನ ಹಿಡಿಯಿತು. ಸಾರಣೆಗೆ ಒಂದು ವಾರ ದಿನವೂ ನೀರು ಹೊಡೆಯಬೇಕಿತ್ತು, ಆಮೇಲೆ ಆ ಮಳೆಯಲ್ಲಿ ಅದು ಒಣಗಬೇಕಿತ್ತು. ಅಮ್ಮ ಚಾವಡಿಯಲ್ಲಿ ಒಂದೇ ಬರ್ನರಿನ ಗ್ಯಾಸ್ ಇಟ್ಟುಕೊಂಡು ಗಂಜಿ ಚಟ್ನಿಯಲ್ಲಿ ದಿನ ಕಳೆದರು. ಧೂಳು ನಾನು ಹೆದರಿದಷ್ಟೇ ಆಯಿತು. ಹಳೆ ಸೀರೆ ಕಟ್ಟಿ ಬಾಗಿಲು ಮುಚ್ಚಿದೆವು, ಮೂರು ದಿನ ಒರೆಸಿದೆವು, ಮುಗಿಯಿತು.

ಗೋಡೆಯಿಂದ ಇಡಿಯಾಗಿ ಬಂದ ಟೈಲ್ಸನ್ನೇ ಕೆರೆದು ಮತ್ತೆ ಹಾಕಿದ್ದು. ಏಳು ಕಡಿಮೆ ಬಿತ್ತು. ಅಂಗಡಿಯಲ್ಲಿ ಅದೇ ಡಿಸೈನ್ ಸಿಕ್ಕಿತು, ಮನೆಗೆ ತಂದು ಪಕ್ಕದಲ್ಲಿಟ್ಟರೆ ಹಸಿರು ಒಂದು ಚೂರು ಗಾಢ. ಪೆಟ್ಟಿಗೆಯ ಮೇಲೆ ಡಿಸೈನ್ ಹೆಸರಿನ ಜೊತೆ ಶೇಡ್ ನಂಬರ್, ಬ್ಯಾಚ್ ನಂಬರ್ ಎರಡೂ ಇರುತ್ತವೆ, ಅವು ಹೊಂದದಿದ್ದರೆ ಬಣ್ಣ ಹೊಂದುವುದಿಲ್ಲ ಎಂದು ಆಗ ಗೊತ್ತಾಯಿತು. ಒಂದು ಪೆಟ್ಟಿಗೆ ಹೆಚ್ಚು ತೆಗೆದಿಟ್ಟುಕೊಂಡಿದ್ದರೆ ಈ ತಲೆನೋವು ಇರುತ್ತಿರಲಿಲ್ಲ. ಬೇರೆ ಬಣ್ಣದ ಏಳನ್ನೂ ಮೇಸ್ತ್ರಿ ಫ್ರಿಜ್ಜಿನ ಹಿಂದಿನ ಮೂಲೆಗೆ ಹಾಕಿದರು. ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ನನಗೆ ಅಡುಗೆಮನೆಗೆ ಕಾಲಿಟ್ಟ ಕೂಡಲೇ ಕಾಣುತ್ತದೆ.

ಹಳೆಯ ಕಂಟ್ರಾಕ್ಟರನಿಗೆ ಒಂದು ಮೆಸೇಜ್ ಹಾಕಿದೆ, ಬೈಗುಳ ಬಿಟ್ಟು. ಟೈಲ್ಸ್ ಬಿದ್ದದ್ದು, ಅಮ್ಮನ ಕೈ ಸುಟ್ಟದ್ದು, ಕೊತ್ತಬೇಡಿ ಎಂದದ್ದು ನಾನು, ಐದು ಉಂಡೆ ಇಟ್ಟದ್ದು ನೀವು, ಎಲ್ಲ ಬರೆದೆ. ಎರಡು ನೀಲಿ ಗೆರೆ ಬಂತು. ನಾಲ್ಕು ದಿನ ಬಿಟ್ಟು ಗೂಗಲ್ ಪೇಯಲ್ಲಿ 1,500 ರೂಪಾಯಿ ಬಂತು. ಜೊತೆಗೆ ಒಂದು ಅಕ್ಷರವೂ ಇಲ್ಲ.

ಮೇಸ್ತ್ರಿ ಸರಿಯಾಗಿ ಒಂದು ತಿಂಗಳಿಗೆ ಬಂದರು. ನಾಣ್ಯ ತೆಗೆದು ಈ ತುದಿಯಿಂದ ಆ ತುದಿವರೆಗೆ ಬಡಿದರು, ಅಮ್ಮ ಹಿಂದೆ ನಿಂತು ಕಿವಿಗೊಟ್ಟರು. ಚಹಾ ಕುಡಿದು 2,000 ತೆಗೆದುಕೊಂಡು ಹೋದರು. ಅಮ್ಮನ ಕೈಯಲ್ಲಿ ಗುರುತು ಉಳಿದಿದೆ, ನೋವಿಲ್ಲ ಅನ್ನುತ್ತಾರೆ. ಈ ಸಲ ಉಳಿದ ಐದು ಟೈಲ್ಸನ್ನು ಗೋಣಿಯಲ್ಲಿ ಸುತ್ತಿ ಮಂಚದ ಕೆಳಗೆ ಇಟ್ಟಿದ್ದಾರೆ, ಶೇಡ್ ನಂಬರನ್ನು ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಬರೆದಿದ್ದಾರೆ. ಮೊನ್ನೆ ಆದಿತ್ಯವಾರ ಊಟಕ್ಕೆ ಹೋದಾಗ ನಾನು ಕೇಳುವ ಮೊದಲೇ ಹೇಳಿದರು: "ನಲ್ಲಿಯ ಹತ್ತಿರ ಒಂದು ಕಡೆ ಗೆರೆ ಸ್ವಲ್ಪ ಎದ್ದಿದೆ. ಮೇಸ್ತ್ರಿಗೆ ಒಂದು ಫೋನ್ ಮಾಡು."